ಮನೆಯಂಗಳದ ಋತುಪುಷ್ಪಗಳು

ಪುಷ್ಯಮಾಸದ ಒಂದು ಬೆಳಗ್ಗೆ ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯಲ್ಲಿ ನಡೆದುಹೋಗುವವರಿಗೆ, ಕಾಂಪೌಂಡಿನ ಒಳಗೆ ಗಜದಗಲದ ಒಂದು ಮಡಿಯಲ್ಲಿ ಹತ್ತಾರು ಬಣ್ಣದ ಹೂಗಳು ಎಳೆಬಿಸಿಲಿಗೆ ಮುಖವೊಡ್ಡಿ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಫ್ಲಾಕ್ಸ್, ಪೆಟೂನಿಯಾ, ಆಸ್ಟರ್, ಗೋಡೆಗೆ ಕಟ್ಟಿದ ದಾರವನ್ನು ಹಿಡಿದು ಹತ್ತಿದ ಸ್ವೀಟ್ ಪೀ, ಮೂಲೆಯಲ್ಲಿ ಒಂದಿಷ್ಟು ಚೆಂಡುಹೂ. ಇವು ಎಲ್ಲಿಯವೆಂದು ಮನೆಯ ಯಜಮಾನಿತಿಯನ್ನು ಕೇಳಿದರೆ, "ಎಲ್ಲಿಯವೇನು, ನಮ್ಮ ಮನೆಯವೇ, ವರ್ಷ ವರ್ಷವೂ ಹಾಕುತ್ತೇವೆ" ಎಂದು ಉತ್ತರ ಬಂದೀತು. ಆ ಉತ್ತರ ಸುಳ್ಳಲ್ಲ. ಆದರೆ ಆ ಒಂದು ಗಜದ ಮಡಿಯಲ್ಲಿ ಮೆಕ್ಸಿಕೋ ಇದೆ, ಟೆಕ್ಸಾಸ್ ಇದೆ, ಸಿಸಿಲಿ ಇದೆ, ಚೀನವಿದೆ, ದಕ್ಷಿಣ ಅಮೆರಿಕವಿದೆ. ಅವೆಲ್ಲ ನಮ್ಮ ಅಂಗಳಕ್ಕೆ ಹೇಗೆ ಬಂದುವು, ಯಾರು ತಂದರು, ಬಂದಮೇಲೆ ಹೇಗೆ ಉಳಿದುವು ಎಂಬುದನ್ನು ಈ ಹೊತ್ತು ವಿಚಾರಮಾಡಿ ನೋಡೋಣ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬೀಜ ಮೊಳೆತು, ಬೆಳೆದು, ಹೂಬಿಟ್ಟು, ಬೀಜ ಕಟ್ಟಿ, ಒಂದೇ ವರ್ಷದೊಳಗೆ, ಹಲವು ವೇಳೆ ಮೂರು ನಾಲ್ಕು ತಿಂಗಳೊಳಗೇ, ಒಣಗಿ ಹೋಗುವ ಗಿಡಗಳನ್ನು ಏಕವಾರ್ಷಿಕಗಳೆಂದು ಕರೆಯುತ್ತಾರೆ. ರಾಗಿ, ಭತ್ತ, ಹುರುಳಿ ಈ ವರ್ಗದವೇ ಆದುದರಿಂದ ನಮ್ಮ ರೈತನಿಗೆ ಇದರ ತತ್ತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ಮಾವಿನ ಮರವನ್ನು ತಾತ ನೆಟ್ಟರೆ ಮೊಮ್ಮಗ ಸುಮ್ಮನೆ ಕುಳಿತಿದ್ದರೂ ಹಣ್ಣು ತಿನ್ನಬಹುದು. ಏಕವಾರ್ಷಿಕದ ವಿಷಯದಲ್ಲಿ ಈ ಅನುಕೂಲವಿಲ್ಲ. ಇನ್ನೂರು ವರ್ಷಗಳ ಹಿಂದೆ ಬಂದ ಒಂದು ಹೂ ಈಗಲೂ ತೋಟದಲ್ಲಿದೆಯೆಂದರೆ, ಇನ್ನೂರು ಸಲ ಯಾರೋ ಅದರ ಬೀಜವನ್ನು ಆರಿಸಿ, ಒಣಗಿಸಿ, ಕಾದಿಟ್ಟು, ಕಾಲವರಿತು ಬಿತ್ತಿದ್ದಾರೆಂದು ಅರ್ಥ. ಒಂದು ವರ್ಷ ಎಲ್ಲರೂ ಮರೆತರೆ ಆ ಸರಪಣಿ ಅಲ್ಲಿಗೇ ತುಂಡಾಗುತ್ತದೆ. ಆದ್ದರಿಂದ ಈ ಹೂಗಳ ಚರಿತ್ರೆಯೆಂಬುದು ಬಹುಮಟ್ಟಿಗೆ ಬೀಜ ಕಾಯ್ದವರ ಚರಿತ್ರೆ.

ನಮ್ಮ ಪೂರ್ವಿಕರ ಹೂದೋಟ ಬೇರೆ ರೀತಿಯದಾಗಿತ್ತು. ಮಲ್ಲಿಗೆ, ಜಾಜಿ, ಸಂಪಿಗೆ, ಪಾರಿಜಾತ, ಕಣಗಿಲೆ, ದಾಸವಾಳ, ಇವು ಮರವೋ ಪೊದೆಯೋ ಬಳ್ಳಿಯೋ ಆಗಿ ತಲೆಮಾರುಗಳವರೆಗೆ ನಿಲ್ಲುವಂಥವು. ಪಂಪನ ವನವರ್ಣನೆಯಲ್ಲಿ ಮೆರೆಯುವುದು ಮಲ್ಲಿಗೆ ಮತ್ತು ಮಾವು. ಹೂವಿನ ಪ್ರಯೋಜನವೂ ಬೇರೆಯಾಗಿತ್ತು. ಹೂವೆಂದರೆ ಕೊಯ್ಯುವುದಕ್ಕೆ, ದೇವರ ತಲೆಗೋ ಹೆಂಗಸರ ಮುಡಿಗೋ ಏರಿದಾಗಲೇ ಅದರ ಜನ್ಮ ಸಾರ್ಥಕವಾಗುತ್ತಿತ್ತು. ಗಿಡದಲ್ಲಿಯೇ ಬಿಟ್ಟು ಬಣ್ಣದ ಜಮಖಾನೆಯಂತೆ ನೋಡಿ ಆನಂದಿಸುವ ಪದ್ಧತಿ ನಮ್ಮ ಮನೆಗಳಲ್ಲಿ ವಿರಳ. ೧೮೦೦ನೆಯ ಇಸವಿಯ ಮೇ ತಿಂಗಳಲ್ಲಿ, ಎಂದರೆ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದು ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ತೋಟಗಳನ್ನು ನೋಡಿದನು. ಚೌಕ ಚೌಕವಾದ ಮಡಿಗಳು, ನಡುವೆ ಕಾಲುದಾರಿಗಳು, ದಾರಿಯ ಬದಿಗೆ ಸೈಪ್ರೆಸ್ ಮರಗಳು, ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ ಎಂದು ಅವನ ಪ್ರವಾಸಗ್ರಂಥದಿಂದ ತಿಳಿಯಬರುತ್ತದೆ. ಆ ರಾಜೋದ್ಯಾನದಲ್ಲಿಯೂ ಪ್ರಧಾನಸ್ಥಾನ ಬಹುಕಾಲ ಬಾಳುವ ಗಿಡಮರಗಳಿಗೇ ಇತ್ತು.

ಹಾಗೆಂದು ಬೀಜದಿಂದ ಬೆಳೆಯುವ ಹೂ ನಮ್ಮಲ್ಲಿ ಇರಲೇ ಇಲ್ಲವೆನ್ನುವಂತಿಲ್ಲ. ಮಳೆಗಾಲದಲ್ಲಿ ಬಾವಿಕಟ್ಟೆಯ ಸುತ್ತ ತಾನಾಗಿಯೇ ಎದ್ದು ಗೌರಿಹಬ್ಬದ ಹೊತ್ತಿಗೆ ಅರಳುವ ಗೌರಿಹೂವನ್ನು, ಕರ್ಣಕುಂಡಲವೆಂದೂ ಕರೆಯುವ ಆ ಹೂವನ್ನು, ಬಲ್ಲವರೆಲ್ಲ ಬಲ್ಲರು. ಬಲಿತ ಕಾಯನ್ನು ಬೆರಳಿನಿಂದ ಮುಟ್ಟಿದೊಡನೆ ಅದು ಸಿಡಿದು ಬೀಜವನ್ನು ಚೆಲ್ಲುವ ಆಟವನ್ನು ಆಡದ ಮಕ್ಕಳುಂಟೆ? ಇದು ಭಾರತದ್ದೇ ಆದ ಏಕವಾರ್ಷಿಕ. ಹದಿನಾರನೆಯ ಶತಮಾನ ಮುಗಿಯುವುದರೊಳಗೆ ಇದು ಇಂಗ್ಲೆಂಡಿನ ತೋಟಗಳನ್ನು ಸೇರಿ ಬಾಲ್ಸಮ್ ಎಂಬ ಹೆಸರು ಪಡೆಯಿತು. ಅಲ್ಲಿಂದ ಇಲ್ಲಿಗೆ ಬೀಜಗಳು ಬರುವುದಕ್ಕೆ ಬಹು ಮೊದಲೇ ಇಲ್ಲಿಂದ ಅಲ್ಲಿಗೆ ಒಂದು ಹೋಗಿತ್ತೆಂಬುದನ್ನು ನಾವು ನೆನಪಿನಲ್ಲಿಡತಕ್ಕದ್ದು.

ಇನ್ನು ಚೆಂಡುಹೂವಿನ ಕಥೆಯನ್ನು ನೋಡಿರಿ. ಆಯುಧಪೂಜೆಯ ದಿನ ಮೋಟಾರುಬಂಡಿಗಳಿಗೂ ಅಂಗಡಿಯ ತಕ್ಕಡಿಗೂ ಹಾರವಾಗಿ ತೂಗುವ ಈ ಹೂ ವೇದಕಾಲದಿಂದಲೂ ನಮ್ಮೊಡನಿದೆಯೆಂದು ನಂಬುವವರೇ ಹೆಚ್ಚು. ವಾಸ್ತವವಾಗಿ ಇದರ ತವರು ಮೆಕ್ಸಿಕೋ. ೧೪೯೨ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದ ತರುವಾಯವಲ್ಲದೆ ಈ ಹೂ ಹಳೆಯ ಜಗತ್ತಿನ ಯಾವ ದೇಶಕ್ಕೂ ಬಂದಿರಲಾರದು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಇದು ಭಾರತವನ್ನು ಸೇರಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇಂಗ್ಲಿಷಿನಲ್ಲಿ ಇದರ ಒಂದು ಜಾತಿಗೆ ಆಫ್ರಿಕನ್ ಎಂದೂ ಇನ್ನೊಂದಕ್ಕೆ ಫ್ರೆಂಚ್ ಎಂದೂ ಹೆಸರು. ಎರಡೂ ಮೆಕ್ಸಿಕೋದ ಕಡೆಯವೇ. ನಡುದಾರಿಯಲ್ಲಿ ತಂಗಿದ ಊರುಗಳು ಹೆಸರಾಗಿ ಅಂಟಿಕೊಂಡುವು, ಅಷ್ಟೆ. ಚರಿತ್ರೆಯನ್ನು ಓದುವವರು ಹೆಸರುಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಇದೊಂದು ಪಾಠ. ಮೆಕ್ಸಿಕೋದಲ್ಲಿ ನವೆಂಬರ್ ಮೊದಲ ಎರಡು ದಿನಗಳಂದು ಗತಿಸಿದವರನ್ನು ನೆನೆದು ಸಮಾಧಿಗಳಿಗೆ ಈ ಹೂವನ್ನೇ ಏರಿಸುತ್ತಾರೆ. ನಾವು ಅದೇ ಶರತ್ಕಾಲದಲ್ಲಿ ನವರಾತ್ರಿಗೂ ದೀಪಾವಳಿಗೂ ಬಾಗಿಲಿಗೆ ಕಟ್ಟುತ್ತೇವೆ. ಎರಡು ಜನಾಂಗಗಳು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಹೂವನ್ನು ಒಂದೇ ಋತುವಿನಲ್ಲಿ ಪವಿತ್ರವೆಂದೆಣಿಸಿದುದಕ್ಕೆ ಮುಖ್ಯ ಕಾರಣ ಸರಳವಾದುದು: ಮಳೆಗಾಲದಲ್ಲಿ ಬಿತ್ತಿದ ಬೀಜ ಆ ಹೊತ್ತಿಗೆ ಸರಿಯಾಗಿ ಹೂಬಿಡುತ್ತದೆ.

ಮೆಕ್ಸಿಕೋದಿಂದಲೇ ಬಂದವು ಜಿನ್ನಿಯಾ ಮತ್ತು ಕಾಸ್ಮಾಸ್. ಜಿನ್ನಿಯಾಕ್ಕೆ ಆ ಹೆಸರು ಬಂದುದು ಯೋಹಾನ್ ಗಾಟ್‌ಫ್ರೀಡ್ ಜಿನ್ ಎಂಬ ಜರ್ಮನ್ ಪ್ರಾಧ್ಯಾಪಕನಿಂದ. ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿದ್ದ ಆತನು ಮನುಷ್ಯನ ಕಣ್ಣಿನ ರಚನೆಯನ್ನು ಕುರಿತು ಪ್ರಮಾಣಗ್ರಂಥವನ್ನು ಬರೆದು ೧೭೫೯ರಲ್ಲಿ ಮೂವತ್ತೆರಡು ತುಂಬುವ ಮೊದಲೇ ತೀರಿಕೊಂಡನು. ಲಿನೇಯಸನು ಅವನ ಹೆಸರನ್ನು ಈ ಹೂವಿಗಿಟ್ಟನು. ಕಣ್ಣನ್ನು ಅಭ್ಯಾಸಮಾಡಿದವನಿಗೆ ಕಣ್ಣು ಕೋರೈಸುವ ಹೂವೇ ಸ್ಮಾರಕವಾಯಿತು.

ಇದಕ್ಕಿಂತ ಮನಕರಗಿಸುವ ಕಥೆ ಫ್ಲಾಕ್ಸ್ ಹೂವಿನದು. ಥಾಮಸ್ ಡ್ರಮಂಡ್ ಎಂಬ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕನು ೧೮೩೩ರಲ್ಲಿ ಟೆಕ್ಸಾಸ್ ಪ್ರಾಂತವನ್ನು ಹೊಕ್ಕನು. ಆಗ ಅದು ಮೆಕ್ಸಿಕೋ ದೇಶಕ್ಕೆ ಸೇರಿದ ಗಡಿಸೀಮೆ. ಕಾಲರಾ, ಪ್ರವಾಹ, ಹಸಿವು ಇವುಗಳ ನಡುವೆ ಅವನು ಅಲೆದು ಗಿಡಗಳನ್ನೂ ಬೀಜಗಳನ್ನೂ ಸಂಗ್ರಹಿಸಿ ಗ್ಲಾಸ್ಗೋದಲ್ಲಿದ್ದ ವಿಲಿಯಂ ಹೂಕರ್ ಎಂಬ ಸಸ್ಯಶಾಸ್ತ್ರಜ್ಞರಿಗೆ ಕಳುಹಿಸಿದನು. ಆ ಬೀಜಗಳಲ್ಲಿ ಈ ಫ್ಲಾಕ್ಸ್ ಒಂದು. ಅದು ಸ್ವದೇಶದಲ್ಲಿ ಹೂಬಿಟ್ಟುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ೧೮೩೫ರಲ್ಲಿ ಕ್ಯೂಬಾ ದ್ವೀಪದ ಹವಾನಾ ಪಟ್ಟಣದಲ್ಲಿ ಅವನು ಮರಣಹೊಂದಿದನು. ಹೂಕರರು ಅದೇ ವರ್ಷ ಆ ಗಿಡಕ್ಕೆ ಅವನ ಹೆಸರನ್ನಿಟ್ಟರು. ಇಂದು ಬೀಜದ ಪೊಟ್ಟಣದ ಮೇಲೆ ಫ್ಲಾಕ್ಸ್ ಡ್ರಮಂಡೀ ಎಂದು ಅಚ್ಚಾಗಿರುವುದನ್ನು ಓದುವಾಗ ನಾವು ಓದುವುದು ಒಂದು ಸಮಾಧಿಲೇಖವನ್ನೇ. ಕಲ್ಲಿನಲ್ಲಿ ಕೆತ್ತಿದ್ದರೆ ಇಷ್ಟು ಊರುಗಳಲ್ಲಿ ಅದನ್ನು ಯಾರು ಓದುತ್ತಿದ್ದರು?

ಸ್ವೀಟ್ ಪೀ ಹೂವಿನ ಮೂಲ ಸಿಸಿಲಿ ದ್ವೀಪ. ಪಲೆರ್ಮೊ ನಗರದ ಫ್ರಾನ್ಸಿಸ್ ಕುಪಾನಿ ಎಂಬ ಸಂನ್ಯಾಸಿಯು ೧೬೯೯ರಲ್ಲಿ ಇದರ ಬೀಜವನ್ನು ಇಂಗ್ಲೆಂಡಿನ ಎನ್‌ಫೀಲ್ಡಿನಲ್ಲಿದ್ದ ಡಾಕ್ಟರ್ ಯುವೆಡೇಲ್ ಎಂಬವರಿಗೆ ಕಳುಹಿಸಿದನೆಂದು ಪ್ರಸಿದ್ಧಿ. ಈ ಯುವೆಡೇಲ್ ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಪಾಠಹೇಳುವವರ ವರ್ಗಕ್ಕೆ ಸೇರಿದ ನಮಗೆ ಇದು ಕೊಂಚ ಹೆಮ್ಮೆಯನ್ನು ಉಂಟುಮಾಡಿದರೆ ಕೇಳುವವರು ಕ್ಷಮಿಸಬೇಕು. ಆಗಿನ ಹೂ ಚಿಕ್ಕದು, ಬಣ್ಣ ಕೆನ್ನೀಲಿ ಮತ್ತು ನೇರಳೆ, ಆದರೆ ಪರಿಮಳ ಅಪಾರ. ನೂರೈವತ್ತು ವರ್ಷಗಳಿಗೂ ಮೀರಿ ಅದು ಹಾಗೆಯೇ ಇತ್ತು. ಆಮೇಲೆ ಹೆನ್ರಿ ಎಕ್‌ಫರ್ಡ್ ಎಂಬ ತೋಟಗಾರನು ೧೮೭೦ರ ದಶಕದಿಂದ ಹಿಡಿದು, ೧೮೮೮ರ ನಂತರ ಷ್ರಾಪ್‌ಷೈರಿನ ವೆಮ್ ಎಂಬ ಸಣ್ಣ ಊರಿನಲ್ಲಿ ನೆಲಸಿ, ಹೂವಿನಿಂದ ಹೂವಿಗೆ ಪರಾಗವನ್ನು ಕೈಯಿಂದಲೇ ಕೂಡಿಸಿ, ದೊಡ್ಡ ದೊಡ್ಡ ಹೂವಿನ ಹಲವು ಬಣ್ಣದ ತಳಿಗಳನ್ನು ಪಡೆದನು. ೧೯೦೧ರಲ್ಲಿ ಅಲೆಯಲೆಯಾದ ಎಸಳಿನ ಒಂದು ಹೊಸ ಹೂ ಲಂಡನ್ನಿನ ಪ್ರದರ್ಶನಕ್ಕೆ ಬಂತು. ಆಲ್ತಾರ್ಪ್ ಬಂಗಲೆಯ ಮುಖ್ಯ ತೋಟಗಾರ ಸೈಲಸ್ ಕೋಲ್ ಅದನ್ನು ಕಂಡು ಬೆಳೆಸಿ ಯಜಮಾನಿತಿಯ ಹೆಸರಿನಿಂದ ಕೌಂಟೆಸ್ ಸ್ಪೆನ್ಸರ್ ಎಂದು ಕರೆದಿದ್ದನು. ಅಲ್ಲಿಂದ ಮುಂದೆ ಇಂಗ್ಲೆಂಡಿಗೆ ಈ ಹೂವಿನ ಹುಚ್ಚು ಹಿಡಿಯಿತು. ೧೯೧೧ರಲ್ಲಿ ಲಂಡನ್ನಿನ ಒಂದು ದಿನಪತ್ರಿಕೆ ಅತ್ಯುತ್ತಮವಾದ ಗೊಂಚಲಿಗೆ ಒಂದು ಸಾವಿರ ಪೌಂಡು ಬಹುಮಾನವನ್ನು ಸಾರಿದಾಗ ಮೂವತ್ತು ಸಾವಿರಕ್ಕೂ ಮೀರಿ ಗೊಂಚಲುಗಳು ಬಂದುವು. ಬಹುಮಾನ ಗೆದ್ದವರು ಸ್ಕಾಟ್ಲೆಂಡಿನ ಒಂದು ಹಳ್ಳಿಯ ಪಾದ್ರಿಯ ಹೆಂಡತಿ.

ಇದೇ ಹೂ ವಿಜ್ಞಾನಕ್ಕೂ ಒಂದು ಉಪಕಾರ ಮಾಡಿತು. ಕೇಂಬ್ರಿಜಿನ ಬೇಟ್‌ಸನ್ ಮತ್ತು ಪುನೆಟ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಎರಡು ಬಿಳಿ ತಳಿಗಳನ್ನು ಕೂಡಿಸಿ ನೋಡಿದರು. ಬಿಳಿಗೆ ಬಿಳಿ ಕೂಡಿದರೆ ಬಿಳಿಯೇ ಹುಟ್ಟಬೇಕಲ್ಲವೆ? ಹುಟ್ಟಿದುದು ನೇರಳೆ! ಎರಡು ಶತಮಾನಗಳ ಹಿಂದೆ ಸಿಸಿಲಿಯಿಂದ ಹೊರಟ ಮೂಲಪುರುಷನ ಬಣ್ಣ ಮೊಮ್ಮಕ್ಕಳ ಮೊಮ್ಮಕ್ಕಳಲ್ಲಿ ಮರುಕಳಿಸಿತು. ಬೀಜವು ತನ್ನ ಚರಿತ್ರೆಯನ್ನು ಮರೆಯುವುದಿಲ್ಲ. ಅದನ್ನು ಮರೆಯುವವರು ನಾವು.

ಇನ್ನು ಈ ಬೀಜಗಳು ಭಾರತಕ್ಕೆ ಬಂದ ಬಗೆಯನ್ನು ನೋಡೋಣ. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆಯುವವರೆಗೆ ಇಂಗ್ಲೆಂಡಿನಿಂದ ಹೊರಟ ಹಾಯಿಹಡಗು ಆಫ್ರಿಕಾದ ತುದಿಯನ್ನು ಬಳಸಿ ಬರಬೇಕಾಗಿತ್ತು. ಅನೇಕ ತಿಂಗಳುಗಳ ಆ ಪ್ರಯಾಣದಲ್ಲಿ ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಕಾವೂ ತೇವವೂ ಕೂಡಿದರೆ ಬೀಜದ ಪ್ರಾಣ ಹೋಗುತ್ತದೆ. ಬೀಜದ ತೇವಾಂಶ ನೂರಕ್ಕೆ ಒಂದು ಪಾಲು ಹೆಚ್ಚಿದರೂ, ಇಲ್ಲವೆ ಕಾವು ಐದು ಸೆಂಟಿಗ್ರೇಡಿನಷ್ಟು ಹೆಚ್ಚಿದರೂ, ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ಈಗಿನ ಬೀಜಶಾಸ್ತ್ರಜ್ಞರು ಒಂದು ಸ್ಥೂಲ ನಿಯಮವನ್ನು ಹೇಳುತ್ತಾರೆ. ಹಡಗಿನ ಉಗ್ರಾಣದಲ್ಲಿ ಈ ಎರಡೂ ಹೆಚ್ಚುತ್ತಿದ್ದುವು. ಆದುದರಿಂದ ಅಂದಿನ ದಿನಗಳಲ್ಲಿ ಮೊಳೆತ ಒಂದೊಂದು ಬೀಜವೂ ಒಂದು ಸಣ್ಣ ಪವಾಡವೇ.

ಅಂಥ ಒಂದು ಪವಾಡ ಬಂಗಾಳದ ಶ್ರೀರಾಮಪುರದಲ್ಲಿ ನಡೆಯಿತು. ೧೭೯೩ರಲ್ಲಿ ಭಾರತಕ್ಕೆ ಬಂದ ಮಿಷನರಿ ವಿಲಿಯಂ ಕೇರಿಯವರನ್ನು ಭಾಷಾಪಂಡಿತರೆಂದೂ ಮುದ್ರಣಕಾರ್ಯದ ಪ್ರವರ್ತಕರೆಂದೂ ಎಲ್ಲರೂ ಬಲ್ಲರು. ಅವರು ದೊಡ್ಡ ತೋಟಗಾರರೂ ಆಗಿದ್ದರು. ೧೮೨೦ರಲ್ಲಿ ಕಲ್ಕತ್ತೆಯಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದವರು ಅವರೇ. ಒಮ್ಮೆ ಇಂಗ್ಲೆಂಡಿನ ಸ್ನೇಹಿತರೊಬ್ಬರು ಒಂದು ಚೀಲದಲ್ಲಿ ಬೀಜಗಳನ್ನು ಕಳುಹಿಸಿದರು. ಬೀಜಗಳನ್ನು ತೆಗೆದಾದ ಮೇಲೆ ಕೇರಿಯವರು ಒಂದು ಕಾಳೂ ನಷ್ಟವಾಗಬಾರದೆಂದು ಚೀಲವನ್ನು ನೆರಳಿನ ಒಂದು ಜಾಗದಲ್ಲಿ ಕೊಡವಿದರು. ಕೆಲವು ದಿನಗಳ ಮೇಲೆ ಅಲ್ಲಿ ಎದ್ದುದು ಇಂಗ್ಲೆಂಡಿನ ಹುಲ್ಲುಗಾವಲಿನ ಸಾಮಾನ್ಯವಾದ ಡೇಸಿ ಗಿಡ. ಅದನ್ನು ಅವರು ಕಂಡು ಮೂವತ್ತು ವರ್ಷಗಳಾಗಿದ್ದುವು. ಮತ್ತೆ ಕಾಣುವ ಆಸೆಯೂ ಇರಲಿಲ್ಲ. ಅಂದು ತಮಗಾದ ಸಂತೋಷವನ್ನು ಅವರು ಪತ್ರದಲ್ಲಿ ಬರೆದುಕೊಂಡಿದ್ದಾರೆ. ನಮಗೆ ಇಲ್ಲಿ ಮುಖ್ಯವಾದುದು ಆಮೇಲೆ ಅವರು ಮಾಡಿದ ಕೆಲಸ. ಡೇಸಿ ತನ್ನ ದೇಶದಲ್ಲಿ ಹಲವು ವರ್ಷ ಬಾಳುವ ಗಿಡ. ಬಂಗಾಳದ ಮಳೆಗಾಲದಲ್ಲಿ ಅದರ ಬೇರು ಕೊಳೆತುಹೋಗುತ್ತಿತ್ತು. ಕೇರಿಯವರು ಪ್ರತಿವರ್ಷವೂ ಅದರ ಬೀಜವನ್ನು ತೆಗೆದಿಟ್ಟು ಮರಳಿ ಬಿತ್ತಿ ಅದನ್ನು ಉಳಿಸಿಕೊಂಡರು. ಬಹುವಾರ್ಷಿಕವು ಹೊಸ ನಾಡಿನಲ್ಲಿ ಏಕವಾರ್ಷಿಕವಾಗಿ ಬದುಕಿತು. ಬದುಕಿಸಿದುದು ವರ್ಷ ವರ್ಷವೂ ಮರೆಯದ ಒಂದು ಕೈ.

ಬೆಂಗಳೂರಿಗೆ ಈ ಹೂಗಳು ಬಂದುದರ ಕೇಂದ್ರ ಲಾಲ್‌ಬಾಗು. ೧೭೬೦ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಅನೇಕ ಕೈಗಳನ್ನು ಬದಲಾಯಿಸಿ ೧೮೫೬ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ನ್ಯೂ, ಅವರ ತರುವಾಯ ೧೮೭೪ರಿಂದ ೧೯೦೮ರವರೆಗೆ ಜಾನ್ ಕ್ಯಾಮರನ್, ಬಳಿಕ ೧೯೩೨ರವರೆಗೆ ಜರ್ಮನಿಯ ಡ್ರೆಸ್‌ಡೆನ್ ಸೀಮೆಯಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಆಮೇಲೆ ಎಚ್. ಸಿ. ಜವರಾಯ, ಹೀಗೆ ಅಧಿಕಾರಿಗಳ ಪರಂಪರೆ ನಡೆಯಿತು. ೧೮೮೯ರಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿತ್ತು. ೧೯೧೨ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿತು. ಅದೇ ೧೯೧೨ರಲ್ಲಿ, ೧೮೦೬ರಿಂದ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಬೀಜದ ವ್ಯಾಪಾರ ನಡೆಸುತ್ತಿದ್ದ ಸಟನ್ ಕಂಪೆನಿಯವರು ಕಲ್ಕತ್ತೆಯಲ್ಲಿ ಶಾಖೆಯನ್ನು ತೆರೆದರು. ಅಂಚೆಯಲ್ಲಿ ಬರುವ ಚಿತ್ರದ ಕ್ಯಾಟಲಾಗು, ಕಾಗದದ ಪುಟ್ಟ ಪೊಟ್ಟಣ, ಇವು ದಂಡಿನ ಬಂಗಲೆಗಳಿಂದ ಮೆಲ್ಲನೆ ಬಸವನಗುಡಿ ಮಲ್ಲೇಶ್ವರಗಳ ಅಂಗಳಗಳಿಗೂ ಬಂದುವು.

ಆದರೆ ಪೊಟ್ಟಣದೊಡನೆ ಪಂಚಾಂಗ ಬರಲಿಲ್ಲ. ಇಲ್ಲಿ ನಮ್ಮದೇ ಅವಿವೇಕವನ್ನು ಹೇಳಿಕೊಳ್ಳುವುದು ಯುಕ್ತ. ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವು ಒಂದು ಇಂಗ್ಲಿಷ್ ಪುಸ್ತಕವನ್ನು ಓದಿ, ಸ್ವೀಟ್ ಪೀ ಬೀಜವನ್ನು ವಸಂತದ ಆರಂಭದಲ್ಲಿ ಬಿತ್ತಬೇಕೆಂದು ಅದರಲ್ಲಿದ್ದುದನ್ನು ಅಕ್ಷರಶಃ ನಂಬಿ, ಮಾರ್ಚ್ ತಿಂಗಳಲ್ಲಿ ಬಿತ್ತಿದೆವು. ಮೊಳಕೆ ಚೆನ್ನಾಗಿಯೇ ಬಂತು. ಯುಗಾದಿ ಕಳೆದು ಹದಿನೈದು ದಿನಕ್ಕೆ ಗೇಣುದ್ದದ ಬಳ್ಳಿಗಳು ಹಳದಿಗೆ ತಿರುಗಿ ನೆಲಕ್ಕೊರಗಿದುವು. ಕಾಲೇಜಿನ ತೋಟದ ಮಾಲಿ ಅದನ್ನು ನೋಡಿ, "ಸ್ವಾಮಿ, ಇದು ಮಳೆ ಬಿಟ್ಟ ಮೇಲೆ ಹಾಕೋ ಬೀಜ, ಚಳಿ ಕುಡಿದು ಬೆಳೀಬೇಕು" ಎಂದನು. ಪುಸ್ತಕವನ್ನು ಓದಿದವರು ನಾವು, ಋತುವನ್ನು ಓದಿದವನು ಅವನು.

ಆ ಮಾಲಿಯ ಮಾತಿನಲ್ಲಿಯೇ ಈ ಚರಿತ್ರೆಯ ತಿರುಳಿದೆ. ಯೂರೋಪಿನ ಹೂಗಳಿಗೆ ಬೇಕಾದುದು ವಸಂತವೆಂಬ ಹೆಸರಲ್ಲ; ತಂಪಾದ ರಾತ್ರಿ, ಹಿತವಾದ ಬಿಸಿಲು. ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ದೊರೆಯುವುದು ಕಾರ್ತೀಕದಿಂದ ಮಾಘದವರೆಗೆ. ಆದುದರಿಂದ ಅವರ ವಸಂತದ ಹೂ ನಮ್ಮ ಹೇಮಂತದ ಹೂವಾಯಿತು. ಫ್ಲಾಕ್ಸ್, ಪೆಟೂನಿಯಾ, ಸ್ವೀಟ್ ಪೀ, ಲಾರ್ಕ್‌ಸ್ಪರ್ ಮುಂತಾದವನ್ನು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿದರೆ ಹೊಸ ವರ್ಷದ ಹೊತ್ತಿಗೆ ಹೂ. ಮೆಕ್ಸಿಕೋದ ಜಿನ್ನಿಯಾ, ಕಾಸ್ಮಾಸ್, ಚೆಂಡುಹೂ, ನಮ್ಮ ಗೌರಿಹೂ, ಇವಕ್ಕೆ ಕಾವೂ ಮಳೆಯೂ ಒಗ್ಗುತ್ತವೆ. ಮೇ ಜೂನ್ ತಿಂಗಳಲ್ಲಿ ಬಿತ್ತಿದರೆ ಶ್ರಾವಣದಲ್ಲಿ ಹೂ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ವರ್ಷಕ್ಕೆರಡು ಸಲ, ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೂ ಆಗಸ್ಟಿನಲ್ಲಿ ಸ್ವಾತಂತ್ರ್ಯೋತ್ಸವಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ಆ ದಿನಗಳನ್ನು ಕೊಟ್ಟುದು ರಾಷ್ಟ್ರದ ಚರಿತ್ರೆ. ಆ ಎರಡು ದಿನಗಳೂ ಬೀಜದ ಎರಡು ಪಂಚಾಂಗಗಳಿಗೆ ಸರಿಯಾಗಿ ಹೊಂದಿದುದು ನಮ್ಮ ಊರಿನ ಪುಣ್ಯ.

ಬಿತ್ತುವ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಕೆಮ್ಮಣ್ಣು, ಮರಳು, ಚೆನ್ನಾಗಿ ಕೊಳೆತ ಎಲೆಗೊಬ್ಬರ, ಮೂರನ್ನೂ ಸಮಭಾಗವಾಗಿ ಸೇರಿಸಿ ಜರಡಿಹಿಡಿದು, ತಳದಲ್ಲಿ ತೂತಿರುವ ಅಗಲಬಾಯಿಯ ಕುಂಡದಲ್ಲಿ ತುಂಬಬೇಕು. ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕಿಂತ ಹೆಚ್ಚಾಗಿ ಹೂಳಬಾರದು. ಪೆಟೂನಿಯಾದ ಬೀಜ ಎಷ್ಟು ನವುರೆಂದರೆ ಒಂದು ಗ್ರಾಮಿಗೆ ಸುಮಾರು ೧೦,೦೦೦ ಬರುತ್ತವೆ. ಅದನ್ನು ಒಣಮರಳಿನಲ್ಲಿ ಬೆರಸಿ ಮೇಲೆ ಉದುರಿಸಿದರೆ ಸಾಕು, ಮುಚ್ಚಬೇಕಾಗಿಲ್ಲ. ಮೇಲಿನಿಂದ ನೀರು ಸುರಿದರೆ ಅದು ಕೊಚ್ಚಿಹೋಗುವುದರಿಂದ ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೆನೆಯಿಸುವುದು ಲೇಸು. ನಾಲ್ಕೆಲೆ ಮೂಡಿದ ಸಸಿಗಳನ್ನು ಸಂಜೆಯ ಹೊತ್ತು ಕಿತ್ತು ನೆಡಬೇಕು. ಸ್ವೀಟ್ ಪೀ ಬೀಜವನ್ನು ರಾತ್ರಿ ನೆನೆಹಾಕಿ, ಬೆಳೆಯುವ ಜಾಗದಲ್ಲಿಯೇ ಊರಬೇಕು. ಲಾರ್ಕ್‌ಸ್ಪರನ್ನೂ ಕಿತ್ತು ನೆಡಬಾರದು. ಬಾಡಿದ ಹೂವನ್ನು ಗಿಡದಲ್ಲಿ ಉಳಿಸಿದರೆ ಗಿಡ ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ಕೊಟ್ಟು ಹೂಬಿಡುವುದನ್ನು ನಿಲ್ಲಿಸುತ್ತದೆ. ಕಿತ್ತರೆ ಮತ್ತೆ ಮತ್ತೆ ಹೂಬಿಡುತ್ತದೆ. ದೇವರ ಪೂಜೆಗೆಂದು ದಿನವೂ ಹೂ ಕೊಯ್ಯುವ ನಮ್ಮ ಅಜ್ಜಿಯಂದಿರ ಅಭ್ಯಾಸ ತೋಟಗಾರಿಕೆಯ ಶಾಸ್ತ್ರಕ್ಕೂ ಸಮ್ಮತವೇ ಆಗಿತ್ತೆಂದು ಇದರಿಂದ ತಿಳಿಯಬಹುದು.

ಸ್ವಾತಂತ್ರ್ಯಾನಂತರದ ಕಾಲದಲ್ಲಿ ಈ ಚರಿತ್ರೆ ಒಂದು ತಿರುವನ್ನು ಪಡೆಯಿತು. ೧೯೬೫ರಲ್ಲಿ ಮನಮೋಹನ ಅತ್ತಾವರರು ಬೆಂಗಳೂರಿನಲ್ಲಿ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಇಲ್ಲಿಯ ಹವೆಯನ್ನೂ ಇಲ್ಲಿಯ ಹೆಣ್ಣುಮಕ್ಕಳ ಕೈಚಳಕವನ್ನೂ ನೆಚ್ಚಿ, ಪೆಟೂನಿಯಾ ಮೊದಲಾದ ಹೂಗಳ ಮಿಶ್ರತಳಿಯ ಬೀಜವನ್ನು ಅಮೆರಿಕಕ್ಕೆ ಕಳುಹಿಸತೊಡಗಿದರು. ಅಮೆರಿಕ ಖಂಡದಿಂದ ಬಂದ ಹೂವಿನ ಬೀಜ ಬೆಂಗಳೂರಿನಿಂದ ಅಮೆರಿಕಕ್ಕೇ ಮರಳಿ ಹೊರಟಿತು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು, ಚೀನಾದಿಂದ ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿಗೆ ಹೋಗಿ ಲೋಕವನ್ನೆಲ್ಲ ಸುತ್ತಿದ ಆಸ್ಟರ್ ಹೂವಿನಿಂದ ಕಾಮಿನಿ, ಪೂರ್ಣಿಮಾ, ಶಶಾಂಕ ಎಂಬ ತಳಿಗಳನ್ನು ಪಡೆದರು. ಬೆಂಗಳೂರು ಕೋಲಾರಗಳ ಸುತ್ತಿನ ರೈತರಿಗೆ ಆಸ್ಟರ್ ಈಗ ಮಾರುಕಟ್ಟೆಯ ಬೆಳೆ.

ಆದರೆ ಮಿಶ್ರತಳಿಯ ಬೀಜದಲ್ಲಿ ಒಂದು ತೊಡಕುಂಟು. ಮೆಂಡಲ್ ಎಂಬ ಸಂನ್ಯಾಸಿಯು ಬಟಾಣಿ ಗಿಡಗಳ ಮೇಲೆ ಪ್ರಯೋಗಮಾಡಿ ೧೮೬೬ರಲ್ಲಿ ಪ್ರಕಟಿಸಿದ ನಿಯಮದಂತೆ, ಎರಡು ಶುದ್ಧ ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆ ಏಕರೂಪವಾಗಿರುತ್ತದೆ. ಎರಡನೆಯ ಪೀಳಿಗೆಯಲ್ಲಿ ಗುಣಗಳು ಚೆದರಿಹೋಗುತ್ತವೆ. ಇದರಿಂದ ಆ ಸೊಗಸಾದ ಮಡಿಯಲ್ಲಿ ಆರಿಸಿದ ಬೀಜವನ್ನು ಮರುವರ್ಷ ಬಿತ್ತಿದರೆ ಅದೇ ಹೂ ಬರುವುದಿಲ್ಲ. ಮತ್ತೆ ಪೊಟ್ಟಣ ಕೊಳ್ಳಬೇಕು. ಪೊಟ್ಟಣದ ಬಣ್ಣ ಹೆಚ್ಚಿದಷ್ಟೂ ಮನೆಯಲ್ಲಿ ಬೀಜ ಕಾಯುವ ವಿದ್ಯೆ ಕಡಮೆಯಾಗುತ್ತ ಬರುವುದನ್ನು ನಾವು ನೋಡುತ್ತಿದ್ದೇವೆ. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿದ ಸೋರೆಬುರುಡೆಯಲ್ಲಿಟ್ಟು ಅಟ್ಟದ ಮೇಲೆ ಕಾಯುತ್ತಿದ್ದ ಮುದುಕಿಯರು ಯಾವ ಇತಿಹಾಸದ ಪುಟದಲ್ಲಿಯೂ ಇಲ್ಲ. ಡ್ರಮಂಡನ ಹೆಸರು ಹೂವಿಗೆ ಅಂಟಿತು. ಅವನ ಹೂವನ್ನು ನಮ್ಮ ನಾಡಿನಲ್ಲಿ ಉಳಿಸಿದ ಮಾಲಿಗಳ ಹೆಸರು ಯಾವುದಕ್ಕೂ ಅಂಟಲಿಲ್ಲ.

ಹೊಸದನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಸಾಧಾರಣ ಮನೆಯ ಅಂಗಳದಿಂದಲೂ ದೊಡ್ಡ ಕೆಲಸ ನಡೆಯಬಹುದೆಂದು ತೋರಿಸುವುದಷ್ಟೇ ನಮ್ಮ ಇಷ್ಟ. ಅಮೆರಿಕದ ಬರ್ಪೀ ಬೀಜದ ಕಂಪೆನಿಯವರು ೧೯೫೪ರಲ್ಲಿ, ನಿಜವಾಗಿ ಬೆಳ್ಳಗಿರುವ ಚೆಂಡುಹೂವಿನ ಬೀಜವನ್ನು ತಂದವರಿಗೆ ೧೦,೦೦೦ ಡಾಲರು ಕೊಡುವುದಾಗಿ ಸಾರಿದರು. ಇಪ್ಪತ್ತೊಂದು ವರ್ಷ ಯಾರಿಗೂ ಅದು ಸಿಕ್ಕಲಿಲ್ಲ. ೧೯೭೫ರಲ್ಲಿ ಅದನ್ನು ಗೆದ್ದವರು ಅಯೋವಾ ಪ್ರಾಂತದ ಒಂದು ಚಿಕ್ಕ ಊರಿನ ವೃದ್ಧ ತೋಟಗಾರ್ತಿ. ಆಕೆ ತನ್ನ ಹಿತ್ತಿಲಲ್ಲಿ ವರ್ಷ ವರ್ಷವೂ ಎಲ್ಲಕ್ಕಿಂತ ಬಿಳುಪಾದ ಹೂವಿನ ಬೀಜವನ್ನೇ ಆರಿಸಿಟ್ಟು ಬಿತ್ತುತ್ತ ಬಂದಿದ್ದರು. ಕಣ್ಣು, ತಾಳ್ಮೆ, ಜ್ಞಾಪಕ, ಈ ಮೂರು ಇದ್ದರೆ ಸಾಕು.

ಆದುದರಿಂದ ಕೇಳುವ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಪೊಟ್ಟಣದ ಹೂಗಳನ್ನು ಸಂತೋಷವಾಗಿ ಬೆಳೆಯಿರಿ. ಅವುಗಳ ಪಕ್ಕದಲ್ಲಿ ಒಂದು ಮೊಳ ಜಾಗವನ್ನು ಹಳೆಯ ಕಾಲದ ಫ್ಲಾಕ್ಸಿಗೋ ಗೌರಿಹೂವಿಗೋ ನಾಟಿ ಚೆಂಡುಹೂವಿಗೋ ಮೀಸಲಿಡಿರಿ. ಮಡಿಯಲ್ಲೆಲ್ಲ ಚೆಲುವಾದ ಗಿಡವೊಂದನ್ನು ಗುರುತಿಸಿ ಅದಕ್ಕೊಂದು ದಾರ ಕಟ್ಟಿರಿ; ಅದರ ಹೂವನ್ನು ಮಾತ್ರ ಕೊಯ್ಯದೆ ಬಲಿಯಲು ಬಿಡಿರಿ. ಒಣಗಿದ ಮೇಲೆ ಬೀಜವನ್ನು ನೆರಳಿನಲ್ಲಿ ಆರಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಿರಿ. ಮೇಲೆ ಹೂವಿನ ಹೆಸರನ್ನೂ ವರ್ಷವನ್ನೂ ಬರೆಯಿರಿ. ಅರ್ಧ ಪೊಟ್ಟಣವನ್ನು ನೆರೆಮನೆಗೆ ಕೊಡಿರಿ. ನಿಮ್ಮ ಮಡಿಯಲ್ಲಿ ಎಂದಾದರೂ ಆ ಬೀಜ ನಷ್ಟವಾದರೆ ಮರಳಿ ಕೇಳುವುದಕ್ಕೆ ಅದಕ್ಕಿಂತ ಭದ್ರವಾದ ಉಗ್ರಾಣವಿಲ್ಲ.

ಸಿಸಿಲಿಯ ಸಂನ್ಯಾಸಿಯು ಎನ್‌ಫೀಲ್ಡಿನ ಉಪಾಧ್ಯಾಯರಿಗೆ ಕಳುಹಿಸಿದುದೂ ಅಷ್ಟೇ ದೊಡ್ಡ ಒಂದು ಪೊಟ್ಟಣವಾಗಿದ್ದಿರಬೇಕು.